ಗುರ್ರಪ್ಪನ ಫಿಯಟ್ಟಿಗೆ ಮೂರು ಮುಖ

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ, ಅದಕ್ಕೆ ಇವತ್ತಿಗೂ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಕೋಲಾರದಲ್ಲಿ ಒಬ್ಬರ ಟಿಂಕರಿಂಗ್ ಶೆಡ್ಡಿಗೆ ಸೇರಿ, ಗುದ್ದಾಡಿಕೊಂಡ ಲಾರಿ ಬಸ್ಸುಗಳ ತಗಡು ಬಡಿದು ನೇರ ಮಾಡುವುದನ್ನು ಕಲಿತೆ. ಆಮೇಲೆ ಮುಳಬಾಗಿಲಿನಲ್ಲಿ ರಸ್ತೆ ಪಕ್ಕ ನಾಲ್ಕು ಕಂಬ ನೆಟ್ಟು ಸ್ವಂತ ಶೆಡ್ಡು ಹಾಕಿದೆ. ಅಲ್ಲಿಗೆ ಬಂದ ಮೊದಲ ಕಾರು ಶ್ರೀನಿವಾಸಪುರದ ಗುರ್ರಪ್ಪನದು.

ಬೂದು ಬಣ್ಣದ ಹಳೇ ಫಿಯಟ್ಟು. ಬಂದು ನಿಂತಿತು. ಹಿಂದಿನ ಸೀಟಿನಲ್ಲಿದ್ದ ಬಾಡಿಗೆಯವರು ಇಳಿಯಲಿಲ್ಲ, ಡ್ರೈವರ್ ಬಂದು ಬಾಗಿಲು ತೆಗೆಯಲಿ ಅಂತ ಕಾಯುತ್ತಾ ಕೂತರು. ಡ್ರೈವರೂ ಕದಲಲಿಲ್ಲ. ಸ್ಟೀರಿಂಗಿನ ಮೇಲೆ ಎರಡು ಕೈ ಇಟ್ಟುಕೊಂಡು, ಕನ್ನಡಿಯಲ್ಲಿ ಅವರನ್ನು ನೋಡುತ್ತಾ ನಿಧಾನವಾಗಿ ಹೇಳಿದ:

"ಬಾಗಿಲಿಗೆ ಹಿಡಿ ಐತೆ. ನಿಮಗೆ ಕೈ ಐತೆ. ಇನ್ನೇನ್ ಬೇಕು ಸ್ವಾಮಿ?"

ಗುರ್ರಪ್ಪ ಅಂದರೆ ನನಗೆ ಮೊದಲು ನೆನಪಾಗುವುದು ಈ ಮಾತೇ. ಬಾಡಿಗೆ ಕಾರು ಇಟ್ಟುಕೊಂಡ ಮನುಷ್ಯ ಒಂದು ದಿನವೂ ಯಾರಿಗೂ ಬಾಗಿಲು ತೆಗೆಯಲಿಲ್ಲ. ಮುದುಕಿಯರಿಗೆ, ಬಾಣಂತಿಯರಿಗೆ ಮಾತ್ರ ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿ ಚಿಲಕ ಎತ್ತುತ್ತಿದ್ದ. ಉಳಿದವರು ಯಾರೇ ಆಗಲಿ, ಅವರ ಕೈ ಅವರಿಗೆ.

ಇನ್ನೊಂದು ಅಭ್ಯಾಸವಿತ್ತು. ಗಾಡಿ ನಿಂತಾಗ ಬೇರೆ ಡ್ರೈವರುಗಳು ಇಳಿದು ಬೀಡಿ ಸೇದುತ್ತಾ ಮರದ ಕೆಳಗೆ ಹರಟೆ ಹೊಡೆಯುತ್ತಿದ್ದರು. ಗುರ್ರಪ್ಪ ಮಾತ್ರ ಇಳಿಯುತ್ತಿರಲಿಲ್ಲ. ಊಟ, ನಿದ್ದೆ, ಪೇಪರು ಓದುವುದು, ಎಲ್ಲ ಒಳಗೇ. ಸ್ಟೀರಿಂಗಿನ ಮೇಲೆ ಟಿಫಿನ್ ಡಬ್ಬಿ ಇಟ್ಟು, ಮುದ್ದೆ ಮುರಿದು, ಕಿಟಕಿಯಿಂದ ಕೈ ಹೊರಗೆ ಚಾಚಿ ತೊಳೆದುಕೊಳ್ಳುತ್ತಿದ್ದ. ಒಮ್ಮೆ ಯಾರೋ ಅಧಿಕಾರಿ ಗಾಡಿ ತಡೆದು "ಇಳಿಯಯ್ಯಾ ಕೆಳಗೆ" ಅಂದರಂತೆ. ಇವನು, "ಗಾಡಿ ತೋರ್ಸೋಕಾದ್ರೆ ಇಳೀತೀನಿ ಸಾರ್. ಸಲಾಮ್ ಹೊಡೆಯೋಕಾದ್ರೆ ಇಲ್ಲಿಂದ್ಲೇ ಹೊಡೀತೀನಿ" ಅಂದನಂತೆ. ಅವರು ನಕ್ಕು ಬಿಟ್ಟು ಕಳಿಸಿದರು. ನಗದಿದ್ದರೂ ಇವನು ಅದೇ ಹೇಳುತ್ತಿದ್ದ.

ಇದೆಲ್ಲ ಯಾಕೆ ಅಂತ ಆ ಮೊದಲ ದಿನವೇ ಗೊತ್ತಾಯಿತು. ಆ ಕಾರು ಮೊದಲು ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರದು. ಅರವತ್ತರ ದಶಕದಲ್ಲಿ ಅವರು ಹೊಸದಾಗಿ ತಂದಾಗ ತಾಲ್ಲೂಕಿನ ಜನ ಗಾಡಿ ಕಟ್ಟಿಕೊಂಡು ನೋಡಲು ಬಂದಿದ್ದರಂತೆ. ಗುರ್ರಪ್ಪ ಅದರ ಡ್ರೈವರು. ಸಾಹುಕಾರರದೊಂದು ಕಟ್ಟಳೆ ಇತ್ತು. ಗಾಡಿ ನಿಂತ ಮೇಲೆ ಡ್ರೈವರು ಒಳಗೆ ಕೂರಬಾರದು, ಹೊರಗೆ ನಿಂತಿರಬೇಕು. ರಾಯಲ್ಪಾಡಿನ ತೋಪಿನಲ್ಲಿ ಕಾಯಿ ಇಳಿಸುವ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ಕಾರಿನ ಪಕ್ಕ ನಿಂತಿರುತ್ತಿದ್ದ. ಸಾಹುಕಾರರು ಬರುವುದು ಕಂಡರೆ ಓಡಿ ಬಾಗಿಲು ತೆಗೆಯಬೇಕು. ಹತ್ತು ವರ್ಷ ಹೀಗೇ ನಡೆಯಿತು. ಸಾಹುಕಾರರು ಪದ್ಮಿನಿ ಅನ್ನುವ ಹೊಸ ಹೆಸರಿನ ಫಿಯಟ್ಟು ತಂದಾಗ, ಹಳೆಯದನ್ನು ನಾನೇ ಕೊಳ್ಳುತ್ತೇನೆ ಅಂತ ಗುರ್ರಪ್ಪ ಕೇಳಿದ. ಮಂಡಿಯಲ್ಲಿ ಎಲ್ಲರ ಎದುರಿಗೆ ಸಾಹುಕಾರರು ಹೇಳಿದರಂತೆ: "ತಗೊಂಡ್ ಹೋಗೋ. ನನ್ನ ಎಂಜಲು ನಿನಗೇನು ಹೊಸದಾ?"

ಗುರ್ರಪ್ಪ ಹಿಪ್ಪುನೇರಳೆ ಹೊಲ ಮಾರಿ ಕಾರು ತಂದ. ಮೊದಲ ಬಾಡಿಗೆಯವರನ್ನು ಕೂರಿಸಿಕೊಂಡೇ ನನ್ನ ಶೆಡ್ಡಿಗೆ ಬಂದ, ನನ್ನ ಹೆಸರು ಕೇಳಿಕೊಂಡ.

"ಲೇ ಸೀನ, ಆವಯ್ಯನ ಹೊಸ ಗಾಡಿ ನೋಡಿದ್ದೀಯಾ?"

"ನೋಡಿದ್ದೀನಣ್ಣ."

"ಆ ಮುಖ ಇದಕ್ಕೆ ಹಾಕು. ಜಾಲರಿ, ಬಂಪರು, ದೀಪ, ಎಲ್ಲ. ನನ್ನ ಗಾಡೀನ ಯಾರೂ ಎಂಜಲು ಅನ್ನಬಾರದು."

ನಾನು ಬಾನೆಟ್ ಎತ್ತಿ ನೋಡಿದೆ. ಆ ಕಾರಿನ ವಿಚಿತ್ರವೇ ಅದು. ವರ್ಷಗಳು ಹೋದಂತೆ ಡಿಲೈಟು, ಪ್ರೆಸಿಡೆಂಟು, ಪದ್ಮಿನಿ ಅಂತ ಹೆಸರು ಬದಲಾದವು. ಮುಂದಿನ ಜಾಲರಿ, ಹಿಂದಿನ ದೀಪ, ಸೀಟಿನ ಬಟ್ಟೆ ಬದಲಾದವು. ಒಳಗೆ ಅದೇ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಕಡ್ಡಿಯ ಹಾಗೆ ಚಾಚಿದ ಅದೇ ಗೇರು, ಮುಂದೆ ಮಂಚದ ಹಾಗೆ ಉದ್ದಕ್ಕೆ ಒಂದೇ ಸೀಟು. ಹಾಗಾಗಿ ಮುಖ ಕೂರಿಸುವುದು ಕಷ್ಟವಾದರೂ ಆಗದ ಮಾತಲ್ಲ. ಕೋಲಾರದಿಂದ ಸಾಮಾನು ತಂದು, ತಗಡು ಕತ್ತರಿಸಿ, ಬೆಸೆದು, ಉಜ್ಜಿ, ಬಣ್ಣ ಹೊಡೆದೆ. ಶೆಡ್ಡಿನಿಂದ ಹೊರಬಂದಾಗ ನನ್ನ ಕೆಲಸಕ್ಕೆ ನಾನೇ ಬೆರಗಾದೆ.

ಒಂದು ಮಾತ್ರ ಕೈಗೂಡಲಿಲ್ಲ. ಆ ಹಳೇ ಮಾದರಿಯಲ್ಲಿ ಮುಂದಿನ ಬಾಗಿಲುಗಳು ತಿರುಗುಮುರುಗು. ಈಗಿನ ಕಾರುಗಳಲ್ಲಿ ಹಿಡಿ ಬಾಗಿಲಿನ ಹಿಂದಿನ ಅಂಚಿನಲ್ಲಿರುತ್ತದೆ. ಅದರಲ್ಲಿ ಮುಂದಿನ ಅಂಚಿನಲ್ಲಿ, ಕನ್ನಡಿಯ ಹತ್ತಿರ. ಬಾಗಿಲು ಹಿಂದಕ್ಕೆ ತೆರೆದುಕೊಳ್ಳುತ್ತಿತ್ತು. ಅದನ್ನು ಬದಲಾಯಿಸಬೇಕಾದರೆ ಕಾರಿನ ಕಂಬಗಳನ್ನೇ ಕುಯ್ಯಬೇಕು. "ಬಿಡು, ಮುಖ ಸಾಕು" ಅಂದ ಗುರ್ರಪ್ಪ.

ನಮ್ಮ ಕಡೆ ಹೊಸ ಗಾಡಿ ತಂದವರು ಕುರುಡುಮಲೆ ಗಣಪನ ಮುಂದೆ ನಿಲ್ಲಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸದೆ ಓಡಿಸುವುದಿಲ್ಲ. ಇವನು ಅದನ್ನೂ ಬಿಡಲಿಲ್ಲ. ಹಾರ ಹಾಕಿಸಿಕೊಂಡು ನಿಂತ. ಅರ್ಚಕರು ಸುತ್ತ ಒಂದು ಸಲ ನೋಡಿದರು.

"ಇದು ಸಾಹುಕಾರ್ರ ಗಾಡಿ ಅಲ್ವೇನಪ್ಪಾ? ಇದಕ್ಕೆ ನಾನೇ ಪೂಜೆ ಮಾಡಿದ್ದೆ."

"ಆ ಗಾಡಿ ಬೇರೆ ಸ್ವಾಮಿ. ಇದು ಹೊಸ ಮಾಡಲ್."

"ನಂಬರ್ ಅದೇ ಐತಲ್ಲೋ!"

"ದೇವ್ರು ನಂಬರ್ ನೋಡ್ತಾನಾ, ಮುಖ ನೋಡ್ತಾನಾ? ಮಂಗಳಾರತಿ ಎತ್ತಿ ಸ್ವಾಮಿ, ಬಾಡಿಗೆಗೆ ಹೊತ್ತಾಯ್ತು."

ಅರ್ಚಕರು ನಗುತ್ತಲೇ ಮಂಗಳಾರತಿ ಎತ್ತಿದರು. ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿಸಿಕೊಂಡು ಸೀದಾ ಮಂಡಿಯ ಮುಂದೆ ಹೋಗಿ ಎರಡು ಸಲ ಹಾರನ್ ಹೊಡೆದ. ಸಾಹುಕಾರರು ಆಚೆ ಬಂದು ನೋಡಿ ಅಂದ ಮಾತು ಊರಲ್ಲೆಲ್ಲ ಹರಡಿತು: "ಮುಖ ಬಳ್ಕೊಂಡ್ ಬಂದ, ಬಾಗಿಲು ಎಲ್ಲಿಂದ ತರ್ತಾನೆ?"

ಎಂಬತ್ತನೇ ಇಸವಿಯ ಹೊತ್ತಿಗೆ ಸಾಹುಕಾರರು ತಮ್ಮ ಪದ್ಮಿನಿ ಮಾರಿ ಇನ್ನೊಂದು ಪದ್ಮಿನಿ ತಂದರು. ಕಪ್ಪು ಜಾಲರಿ, ಬೇರೆ ನಮೂನೆ ದೀಪ. ಮಾವಿನ ಸುಗ್ಗಿ ಮುಗಿಯುವಷ್ಟರಲ್ಲಿ ಗುರ್ರಪ್ಪನ ಗಾಡಿಗೂ ಅದೇ ಮುಖ. ಮತ್ತೆ ಕುರುಡುಮಲೆ, ಮತ್ತೆ ನಿಂಬೆಹಣ್ಣು. ಬಿಚ್ಚಿದ ಮುಖಗಳನ್ನೆಲ್ಲ ನನ್ನ ಶೆಡ್ಡಿನ ಅಟ್ಟದ ಮೇಲೆ ಇಡಿಸಿದ. "ಇರ್ಲಿ ಕಣೋ, ಅನ್ನ ತಿನ್ನುತ್ತವಾ?" ಅನ್ನುತ್ತಿದ್ದ.

ಆ ವರ್ಷಗಳಲ್ಲಿ ಅವನು ನನಗೆ ಕಲಿಸಿದ್ದು ಒಂದೇ. ಗಿರಾಕಿ ಬಂದರೆ ನಾನು ಸುತ್ತಿಗೆ ಕೆಳಗಿಟ್ಟು, ಎದ್ದು, ಕೈ ಒರೆಸಿಕೊಳ್ಳುತ್ತಾ ನಿಲ್ಲುತ್ತಿದ್ದೆ. ಒಮ್ಮೆ ಅದನ್ನು ನೋಡಿ ಕಾರಿನ ಒಳಗಿನಿಂದಲೇ ತೆಲುಗು ಬೆರೆಸಿ ಕೂಗಿದ: "ಏಮಿರಾ, ಬೆನ್ನಿಗೆ ಸ್ಪ್ರಿಂಗ್ ಹಾಕಿಸ್ಕೊಂಡಿದ್ದೀಯಾ? ಕೆಲಸ ಇದ್ರೆ ಎದ್ದೇಳು. ಮನುಷ್ಯ ಬಂದ ಅಂತ ಎದ್ದೇಳಬೇಡ. ಅವನೂ ಕೂರ್ಲಿ, ನೀನೂ ಕೂತ್ಕೋ." ಮಾರನೆಯ ದಿನ ಆವನಿ ಕಡೆ ಬಾಡಿಗೆ ಹೋಗಿ ಬರುವಾಗ ಎರಡು ಹಳೇ ಮರದ ಕುರ್ಚಿ ಡಿಕ್ಕಿಯಲ್ಲಿ ಹಾಕಿಕೊಂಡು ಬಂದು ಶೆಡ್ಡಿನಲ್ಲಿ ಇಳಿಸಿ ಹೋದ.

ಆಮೇಲೆ ಮಾರುತಿ ಬಂತು. ನಮ್ಮ ತಾಲ್ಲೂಕುಗಳಲ್ಲಿ ಮೊದಮೊದಲು ತರಿಸಿದವರಲ್ಲಿ ಸಾಹುಕಾರರೂ ಒಬ್ಬರು. ಬಿಳೀ ಬಣ್ಣ, ಅಂಗೈಯಲ್ಲಿ ಹಿಡಿಸುವ ಹಾಗಿದೆ. ಸದ್ದೇ ಇಲ್ಲ. ಗುರ್ರಪ್ಪ ನನ್ನನ್ನು ಕೂರಿಸಿಕೊಂಡು ಹೋಗಿ ಮಂಡಿಯ ಎದುರು ರಸ್ತೆಯ ಈಚೆ ನಿಲ್ಲಿಸಿದ. ಇಬ್ಬರೂ ಕೂತು ನೋಡಿದೆವು.

"ಹಾಕ್ತೀಯಾ ಆ ಮುಖ?"

"ಆಗಲ್ಲಣ್ಣ. ಅದು ನಮ್ಮ ಗಾಡಿ ವಂಶದ್ದೇ ಅಲ್ಲ. ಎಂಜಿನ್ನು ಅಡ್ಡ ಕೂತೈತೆ, ಮುಂದಿನ ಚಕ್ರ ಎಳೆಯುತ್ತೆ, ಗೇರು ನೆಲದ ಮೇಲೈತೆ. ಮುಂದೆ ಎರಡು ಸೀಟು ಬೇರೆ ಬೇರೆ. ಯಾವುದೂ ಯಾವುದಕ್ಕೂ ಕೂರಲ್ಲ."

ಅವನು ಗಾಡಿ ತಿರುಗಿಸಿದ. ನನ್ನನ್ನು ಮುಳಬಾಗಿಲಿಗೆ ಬಿಟ್ಟು ಹೋದ. ಸುಮಾರು ದಿನ ಪತ್ತೆ ಇಲ್ಲ. ಸೋತುಹೋದನೇನೋ ಅಂದುಕೊಂಡೆ. ಒಂದು ಬೆಳಿಗ್ಗೆ ಹಾರನ್ ಕೇಳಿಸಿತು.

"ಲೇ ಸೀನ, ಅಟ್ಟದ ಮೇಲೆ ಇದರ ಹುಟ್ಟುಮುಖ ಐತಾ?"

"ಐತೆ."

"ಇಳ್ಸು. ಇಷ್ಟು ವರ್ಷ ಆವಯ್ಯನ ಗಾಡಿ ಮುಖ ನೋಡ್ಕೊಂಡೇ ಓಡ್ಸಿದ್ದೀನಿ. ಸಾಕು. ನನ್ನ ಗಾಡಿ ಮುಖ ನನ್ನ ಗಾಡಿಗೆ ಹಾಕು."

ಆ ಕ್ರೋಮು ಜಾಲರಿಯನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ ಕೂರಿಸಿದೆ. ಬೂದು ಬಣ್ಣವನ್ನೇ ಮತ್ತೆ ಹೊಡೆದೆ. ಆ ಸಲ ಅವನು ಕುರುಡುಮಲೆಗೆ ಹೋಗಲಿಲ್ಲ. "ಹಳೇ ಗಾಡಿ ಕಣೋ, ಪೂಜೆ ಯಾವಾಗಲೋ ಆಗೈತೆ" ಅಂದ.

ಅದೇ ವರ್ಷ ಸಾಹುಕಾರರ ಮಗಳ ಮದುವೆ ಗೊತ್ತಾಯಿತು. ಗಂಡು ಮಾಲೂರಿನವರು, ಹೆಂಚಿನ ಕಾರ್ಖಾನೆಯವರು. ನಮ್ಮ ಕಡೆ ಗಂಡನ್ನು ಛತ್ರಕ್ಕೆ ಕರೆತರುವಾಗ ಜನಕ್ಕೆ ಕಾಣಲಿ ಅಂತ ಮುಂದಿನ ಸೀಟಿನಲ್ಲೇ ಕೂರಿಸುತ್ತಾರೆ. ಅವನ ಪಕ್ಕ ತೋಡು ಪೆಳ್ಳಿಕೊಡುಕು ಕೂರಬೇಕು. ಅಂದರೆ ಮದುಮಗನ ಜೊತೆಗೆ ಅವನ ಹಾಗೇ ಪೇಟ, ಬಾಸಿಂಗ ಕಟ್ಟಿಸಿಕೊಂಡ ನೆಂಟರ ಮಗು. ಜೋಡಿ ಬೇರೆಯಾಗಬಾರದು. ಮಾರುತಿಯಲ್ಲಿ ಮುಂದೆ ಒಂದೊಂದೇ ಸೀಟು, ನಡುವೆ ಗೇರು. ಮಗುವನ್ನು ತೊಡೆಯ ಮೇಲೆ ಕೂರಿಸಲು ಗಂಡಿನ ತಾಯಿ ಒಪ್ಪಲಿಲ್ಲ. ಉದ್ದ ಸೀಟಿನ ಗಾಡಿಯೇ ಬೇಕು ಅಂದರು. ಅವತ್ತು ಒಳ್ಳೇ ಲಗ್ನ, ಊರಿನ ಬೇರೆ ಫಿಯಟ್ಟುಗಳೆಲ್ಲ ಬೇರೆ ಮದುವೆಗಳಿಗೆ ಹೋಗಿದ್ದವು. ಉಳಿದದ್ದು ಗುರ್ರಪ್ಪನದು.

ಮಂಡಿಯ ಗುಮಾಸ್ತರು ಬಂದರು. "ಸಾಹುಕಾರ್ರು ಹೇಳಿ ಕಳ್ಸವ್ರೆ."

"ಹೇಳಿ ಕಳ್ಸಿದ್ರೆ ಗಾಡಿ ಬರಲ್ಲ. ಬಂದು ಕೇಳಿದ್ರೆ ಬರುತ್ತೆ."

ಸಾಹುಕಾರರೇ ಬಾಡಿಗೆ ಕಾರುಗಳ ಸ್ಟ್ಯಾಂಡಿಗೆ ಬಂದರು. ಗುರ್ರಪ್ಪ ಒಳಗೆ ಕೂತಿದ್ದ. ಸಾಹುಕಾರರು ಬಿಸಿಲಲ್ಲಿ, ಕಿಟಕಿಯ ಪಕ್ಕ ನಿಂತರು.

"ಹುಡುಗಿ ಮದುವೆ ಕಣೋ ಗುರ್ರಪ್ಪ. ನಿನ್ನ ಕಣ್ಮುಂದೆ ಬೆಳೆದೋಳು."

"ಬರ್ತೀನಿ. ಆದ್ರೆ ಗಾಡಿ ನಿಂತ ಮೇಲೆ ನಾನು ಇಳಿಯಲ್ಲ. ಬಾಗಿಲು ತೆಗೆಯಲ್ಲ."

"ಮತ್ತೆ ಯಾರೋ ತೆಗೀಬೇಕು?"

"ಹೆಣ್ಣಿನ ಅಪ್ಪ ಅಲ್ವಾ ಸ್ವಾಮಿ ಅಳಿಯನ್ನ ಇಳಿಸ್ಕೊಳ್ಳೋದು?"

ಅದೂ ನಮ್ಮ ಪದ್ಧತಿಯೇ. ಸಾಹುಕಾರರು ಗಾಡಿ ಬರಬೇಕಾದ ಹೊತ್ತು ಹೇಳಿ ಹೊರಟರು.

ಬಾನೆಟ್ಟಿನ ಚಿಲಕ ಹೊಸದಾಗಿ ಕೂರಿಸಿದ್ದರಿಂದ, ದಾರಿಯಲ್ಲಿ ಬಿಚ್ಚಿಕೊಂಡರೆ ಅಂತ, ನಾನೂ ಹಿಂದಿನ ಸೀಟಿನಲ್ಲಿದ್ದೆ. ಸಂಜೆ ಬಿಸಿಲಲ್ಲಿ ಕ್ರೋಮು ಝಗಝಗಿಸುತ್ತಿತ್ತು. ಓಲಗ ಮುಂದೆ, ಗಾಡಿ ಹಿಂದೆ. ಛತ್ರದ ಬಾಗಿಲಿಗೆ ಬಂದು ಗುರ್ರಪ್ಪ ಎಂಜಿನ್ ಆರಿಸಿದ. ಜರಿ ಪಂಚೆ, ಶಲ್ಯದಲ್ಲಿ ಸಾಹುಕಾರರು ಮುಂದೆ ಬಂದರು. ಹಿಂದೆ ಆರತಿ ತಟ್ಟೆ ಹಿಡಿದ ಹೆಂಗಸರು, ಮಾಲೂರಿನವರು, ಮಂಡಿಯವರು. ಸಾಹುಕಾರರು ಬಾಗಿಲಿನ ಹಿಂದಿನ ಅಂಚಿಗೆ ಕೈ ಹಾಕಿದರು. ಬರೀ ತಗಡು. ಕೈ ಕೆಳಗೆ ಸವರಿದರು, ಮೇಲೆ ಸವರಿದರು. ಓಲಗದವನು ಉಸಿರು ಹಿಡಿದು ಕಾಯುತ್ತಿದ್ದಾನೆ. ಹತ್ತು ವರ್ಷ ಆ ಕಾರಿನಲ್ಲಿ ಓಡಾಡಿದ್ದರು. ಅದರ ಬಾಗಿಲನ್ನೇ ಆಡಿಕೊಂಡಿದ್ದರು. ಅದರ ಹಿಡಿ ಮಾತ್ರ ಅವರ ಕೈಗೆ ಗೊತ್ತಿರಲಿಲ್ಲ.

ಗುರ್ರಪ್ಪ ನಗಲಿಲ್ಲ. ಕತ್ತೂ ತಿರುಗಿಸಲಿಲ್ಲ. ರಸ್ತೆ ನೋಡುತ್ತಲೇ, ಗಾಡಿಯ ಹೊರಗೆ ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ಮುಂದ್ಗಡೆ ಐತೆ ಸ್ವಾಮಿ, ಹಿಡಿ."

ಬಾಗಿಲು ತೆರೆಯಿತು. ಓಲಗ ಶುರುವಾಯಿತು. ಅಳಿಯ ಇಳಿದ, ಮಗುವೂ ಇಳಿಯಿತು. ಸಾಹುಕಾರರು ಒಂದು ಗಳಿಗೆ ಆ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ತಾವೇ ಮೆಲ್ಲಗೆ ಮುಚ್ಚಿದರು. ಎಂಜಲು ಅನ್ನುವ ಮಾತು ಆಮೇಲೆ ಆ ಊರಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಗುರ್ರಪ್ಪನನ್ನು ಕೊನೆಯ ಸಲ ನೋಡಿದ್ದು ನನ್ನ ಶೆಡ್ಡಿನ ಮುಂದೆಯೇ. ಕಣ್ಣು ಮಂಜಾಗಿ ಓಡಿಸುವುದು ಬಿಟ್ಟಿದ್ದ. ಅವನ ಮಗಳ ಗಂಡ ಓಡಿಸಿಕೊಂಡು ಬಂದಿದ್ದ, ಗುರ್ರಪ್ಪ ಪಕ್ಕದಲ್ಲಿ ಕೂತಿದ್ದ. ಮೈ ಸೊರಗಿ ಅಂಗಿ ದೊಡ್ಡದಾಗಿತ್ತು. ನಾನು ಸುತ್ತಿಗೆ ಬಿಟ್ಟು ಎದ್ದೆ. ಓಡಿಹೋಗಿ ಬಾಗಿಲಿಗೆ ಕೈ ಹಾಕಿದೆ.

"ಯಾರೋ ಅದು?"

"ನಾನಣ್ಣ, ಸೀನ."

"ಕೈ ತೆಗಿಯೋ. ಹಿಡಿ ಒಳಗೂ ಐತೆ."

ಬೆರಳಿನಿಂದ ತಡವಿ, ಚಿಲಕ ಹುಡುಕಿ, ತಾನೇ ತೆಗೆದುಕೊಂಡು ಇಳಿದ. ನಾನು ಕೈ ತೆಗೆದು ದಾರಿ ಬಿಟ್ಟೆ. ಒಳಗೆ ಬಂದು ತಾನು ತಂದ ಕುರ್ಚಿಯಲ್ಲೇ ಕೂತು ಟೀ ಕುಡಿದ. ಮುಂದಿನ ಮಾವಿನ ಸುಗ್ಗಿಗೆ ಅವನು ಇರಲಿಲ್ಲ. ಗಾಡಿ ಗುಜರಿಗೆ ಹೋಗುವಾಗ ಎಡಗಡೆಯ ಬಾಗಿಲನ್ನು ನಾನು ಬಿಚ್ಚಿಕೊಂಡು ಬಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಗೋಡೆ ಕಟ್ಟಿದ ಒಂದು ಶೆಡ್ಡು. ಒಂದು ವೆಲ್ಡಿಂಗ್ ಸೆಟ್ಟು. ಗೋಡೆಯ ಮೇಲೆ ಒಂದು ಬೂದು ಬಾಗಿಲು, ಹಿಡಿ ಮುಂದಗಡೆ. ನಾಲ್ಕು ಜನ ಕೆಲಸದವರು. ಆರು ಕುರ್ಚಿ: ಅವರಿಗೆ ನಾಲ್ಕು, ನನಗೊಂದು, ಬಂದವರು ಯಾರೇ ಆಗಲಿ ಅವರಿಗೊಂದು.