ಬೀಗರ ಮನೆಯಲ್ಲಿ ಅಜ್ಜನ ಹೊಟ್ಟೆ

ಹೋದ ವರ್ಷ ನನ್ನ ಇಬ್ಬರೂ ಅಜ್ಜಂದಿರಿಗೆ ದೊಡ್ಡಕರುಳಿನ ಕ್ಯಾನ್ಸರ್ ಬಂತು. ಬೀಗತನವೆಂದರೆ ಇಷ್ಟು ಗಟ್ಟಿ ಇರಬೇಕು. ಹುಮನಾಬಾದಿನ ಅಜ್ಜನಿಗೆ, ಅಂದರೆ ಅವ್ವನ ಅಪ್ಪನಿಗೆ, ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಅದಾಗಿ ಎರಡು ವಾರಕ್ಕೆ ಬಸವಕಲ್ಯಾಣದ ನಮ್ಮ ಮನೆಯ ಅಜ್ಜನಿಗೆ ದುರ್ಬೀನು ಹಾಕಿ, ನಾಲ್ಕು ಸಣ್ಣ ತೂತುಗಳಲ್ಲೇ ಕೆಲಸ ಮುಗಿಸಿದರು.

ನಾನು ಪಿಯುಸಿ ಸೈನ್ಸ್. ಜೀವಶಾಸ್ತ್ರದಲ್ಲಿ ದಡ ಮುಟ್ಟಿದ್ದೇ ಪುಣ್ಯ. ಆದರೂ ಅಜ್ಜನನ್ನು ಮಾತಾಡಿಸಲು ಬಂದವರಿಗೆಲ್ಲ ಆಪರೇಷನ್ ವಿವರಿಸುವ ಗುತ್ತಿಗೆ ನನ್ನದೇ. ಮೊದಮೊದಲು, "ಮರುದಿನಾನೇ ಎದ್ದು ನಡದಾನ್ರಿ" ಎನ್ನುತ್ತಿದ್ದೆ. ಅದು ನಿಜ. ಒಂದು ವಾರಕ್ಕೆ ನನ್ನ ಮಾತಿನಲ್ಲಿ ಅಜ್ಜ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದ. ಎರಡನೇ ವಾರಕ್ಕೆ ಲಿಫ್ಟಿಗಿಂತ ಮೊದಲು ಮೇಲೆ ಮುಟ್ಟಿದ್ದ. ತನ್ನ ಸಾಹಸ ಕೇಳಿ ಅಜ್ಜನೇ ಬೆರಗಾಗುತ್ತಿದ್ದ, ಆದರೆ ಒಮ್ಮೆಯೂ ಅಲ್ಲಗಳೆಯಲಿಲ್ಲ.

ಮೂರು ವಾರವಾದ ಮೇಲೆ ಡಾಕ್ಟರು ಒಪ್ಪಿದರು; ಬೀಗರನ್ನು ಮಾತಾಡಿಸಲು ಅಪ್ಪ ಅಜ್ಜನನ್ನೂ ನನ್ನನ್ನೂ ಕಾರಿನಲ್ಲಿ ಹುಮನಾಬಾದಿಗೆ ಕರೆದೊಯ್ದ. ಅಲ್ಲಿಯ ಅಜ್ಜ ಐದು ವಾರ ಕಳೆದರೂ ಹೊಟ್ಟೆಗೆ ದಿಂಬು ಒತ್ತಿಕೊಂಡೇ ಕೆಮ್ಮುತ್ತಿದ್ದ. ನನಗೆ ಇನ್ನೇನು ಬೇಕು?

"ಆಯಿ," ಎಂದು ಅಲ್ಲಿಯ ಅಜ್ಜಿಯನ್ನು ಕರೆದೆ. "ನಮ್ಮ ಅಜ್ಜಂದು ದುರ್ಬೀನ್ ಆಪರೇಷನ್. ಒಳಗ ಏನೂ ಆಗೇ ಇಲ್ಲಂತ ತಿಳಿ. ಕಲ್ಲ ತಿಂದ್ರೂ ಕರಗ್ತದ."

"ಹಂಗಾರ ಬೀಗರಿಗಿ ಗಂಜಿ ಯಾಕ?" ಎಂದು ಆಯಿ ಹೋಳಿಗೆ ಬಡಿಸಿದಳು.

ಮೆತ್ತಗಿನ ಊಟ, ಅದೂ ಸ್ವಲ್ಪಸ್ವಲ್ಪ ಎಂದು ಡಾಕ್ಟರು ಹೇಳಿದ್ದರು. ಆದರೆ ಬೀಗರ ಮನೆಯಲ್ಲಿ ಬಡಿಸಿದ್ದನ್ನು ಬೇಡ ಎನ್ನುವುದು ನಮ್ಮ ಕಡೆ ಬೈಗುಳಕ್ಕೆ ಸಮ. ಅಜ್ಜ ನನ್ನ ಮುಖ ನೋಡಿದ. ನಾನು ನಡೆಯುತ್ತದೆ ಎಂದು ದೊಡ್ಡ ಸರ್ಜನ್ನನ ಹಾಗೆ ತಲೆಯಾಡಿಸಿದೆ. ಅಪ್ಪ ಕಾರಿಗೆ ಗಾಳಿ ಹಾಕಿಸಿಕೊಂಡು ಬರುವಷ್ಟರಲ್ಲಿ ತುಪ್ಪದ ಸಮೇತ ಮೂರು ಹೋಳಿಗೆ ಒಳಗೆ ಹೋಗಿದ್ದವು.

ಒಂದೆರಡು ತಾಸಿನಲ್ಲಿ ಅಜ್ಜನ ಹೊಟ್ಟೆ ಉಬ್ಬಿತು. ಹಣೆಯ ಮೇಲೆ ಬೆವರು. ಅಪ್ಪ ಡಾಕ್ಟರಿಗೆ ಫೋನ್ ಹಚ್ಚಿದ. ವಿವರಿಸುವ ಗುತ್ತಿಗೆ ನನ್ನದೇ ಎಂದು ಅದನ್ನು ನನಗೇ ಕೊಟ್ಟ.

"ವಾಂತಿ, ಜ್ವರ?" ಡಾಕ್ಟರು ಕೇಳಿದರು.

"ಇಲ್ರಿ."

"ಕೆಳಗ ಗಾಳಿ ಹೋಗಾಕತ್ತದೇನು?"

ತುಂಬಿದ ಪಡಸಾಲೆಯಲ್ಲಿ ನಾನು ಆ ಪ್ರಶ್ನೆಯನ್ನು ಅಜ್ಜನಿಗೆ ಕೇಳಿದೆ. ಅಜ್ಜ ಗೋಡೆ ನೋಡಿದ. "ಇಲ್ಲಿಗಿ ಬಂದಾಗಿಂದ ಇಲ್ಲ."

"ಲಗೂನ ಕರ್ಕೊಂಡ ಬರ್ರಿ," ಡಾಕ್ಟರ ದನಿ ಬದಲಾಯಿತು. "ದುರ್ಬೀನಿದ್ರೇನು, ಕೊಯ್ದಿದ್ರೇನು, ಒಳಗ ಕರುಳ ಕತ್ತರಿಸಿ ಜೋಡಿಸೋದು ಒಂದೇ. ಹೊರಗಿನ ಗಾಯ ಸಣ್ಣದು, ಅಷ್ಟ."

ಅಪ್ಪ ಕಾರು ತೆಗೆಯಲು ಓಡಿದ. ನಾನು ಅಜ್ಜನ ಚಪ್ಪಲಿ ಹುಡುಕಿದೆ. ಜೋಡಿಸಿದ ಕರುಳು ಬಿಚ್ಚಿದ್ದರೆ? ನಾಲ್ಕು ಜನ ನಗಲೆಂದು ಕೊಚ್ಚಿದ ನನ್ನ ಬಡಾಯಿಯಿಂದ ಅಜ್ಜನ ಜೀವವೇ ಹೋಗಿಬಿಟ್ಟರೆ?

ಆಗ ಹುಮನಾಬಾದಿನ ಅಜ್ಜ ದಿಂಬು ಹಿಡಿದುಕೊಂಡು ಎದ್ದ. "ಬೀಗ್ರ, ಖರೇ ಹೇಳ್ರಿ. ಬರಾಕತ್ತಿಲ್ಲೋ, ಹಿಡ್ಕೊಂಡ ಕುಂತೀರೋ?"

ಅಜ್ಜನ ಕಿವಿ ಕೆಂಪಾಯಿತು. "ಬೀಗರ ಮನ್ಯಾಗ ಹ್ಯಾಂಗ್ರಿ... ಮರ್ಯಾದಿ ಅಂಬೋದದ."

"ಸುಡ್ರಿ ಆ ಮರ್ಯಾದಿ! ದವಾಖಾನ್ಯಾಗ ಆ ಗಾಳಿ ಸಲುವಾಗಿ ಐದು ದಿನ ಕಾದೀನಿ ನಾ. ಬಂದ ದಿನ ನರ್ಸಮ್ಮಗ ಪೇಡಾ ಕೊಟ್ಟೀನಿ. ಏಳ್ರಿ, ಹಿತ್ತಲಿಗಿ ನಡೀರಿ."

ಇಬ್ಬರೂ ಹಿತ್ತಲಲ್ಲಿ ನಿಧಾನ ಅಡ್ಡಾಡಿದರು, ಒಬ್ಬ ದಿಂಬು ಹಿಡಿದು, ಇನ್ನೊಬ್ಬ ಉಸಿರು ಹಿಡಿದು. ನಾವು ಬಾಗಿಲ ಹಿಂದೆ ನಿಂತೆವು. ಮೂರನೇ ಸುತ್ತಿಗೆ, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರ್ ಚಾಲೂ ಆದಂಥ ಸದ್ದು. ಇದನ್ನು ಮಾತ್ರ ನಾನು ಉಬ್ಬಿಸಿ ಹೇಳುತ್ತಿಲ್ಲ. ಆಯಿ ಬಾಯಿಗೆ ಸೆರಗು ತುರುಕಿಕೊಂಡಳು.

"ನಗಸಬ್ಯಾಡ್ರಿ ಬೀಗ್ರ, ನನ್ನ ಹೊಲಿಗಿ!" ಎಂದು ಹುಮನಾಬಾದಿನ ಅಜ್ಜ ದಿಂಬಿನ ಮೇಲೆ ಬಾಗಿದ.

ಹೊಟ್ಟೆ ಇಳಿದರೂ ಅಪ್ಪ ಬಿಡಲಿಲ್ಲ. ನೇರ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಏನೂ ಆಗಿಲ್ಲ ಎಂದರು. ಆಮೇಲೆ ಕೇಳಿದರು, "ಹೋಳಿಗಿ ನಡೀತದ ಅಂತ ಹೇಳಿದೋರು ಯಾರು?"

ಆಯಿ ಎಂದು ನಾನು ಜಾರಿಕೊಳ್ಳಬಹುದಿತ್ತು. ಅಜ್ಜ ನನ್ನ ಹೆಸರು ಬಿಟ್ಟುಕೊಡದೆ ನೆಲ ನೋಡಿದ.

"ನಾನ್ರಿ," ಎಂದೆ.

"ನೀ ಏನ್ ಡಾಕ್ಟರೇನು?"

"ಅಲ್ರಿ. ಬರೇ ಮೊಮ್ಮಗಳು."