ಗೇಟಿನ ಚಾಚಾ ತಡೆದ ಆರತಿ

ಹೋದ ವಾರ ಪಕ್ಕದ ಮನೆಯವರು ಕಿಟಕಿಗಳಿಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ನನ್ನ ಕೋಣೆಗೂ ಬಂತು. ಓದುತ್ತಿದ್ದ ಪೇಪರ್ ಇಟ್ಟು ಹೊರಗೆ ಬಂದು ಕೂತೆ. ಆ ವಾಸನೆ ಬಂದರೆ ಗೇಟಿನ ಚಾಚಾ ನೆನಪಾಗುತ್ತಾರೆ... ನೆನಪಾಗದಿರಲಿ ಎಂದು ಎಷ್ಟೋ ವರ್ಷ ಪ್ರಯತ್ನಪಟ್ಟಿದ್ದೇನೆ.

ತುಮಕೂರಿನ ಹೊರಗೆ ಥಿನ್ನರ್ ತಯಾರಿಸುವ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಓದಿ, ಹೆಲ್ಪರ್ ಆಗಿ ಸೇರಿ, ಮೇಲೆ ಬಂದವನೆಂಬ ಜಂಬವಿತ್ತು. ಚಾಚಾ ಗೇಟಿನ ಕಾವಲುಗಾರರು, ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬೀಡಿ, ಬೆಂಕಿಪೊಟ್ಟಣ ಯಾರದ್ದೇ ಆಗಲಿ, ಅವರ ತಗಡಿನ ಡಬ್ಬಕ್ಕೆ ಹಾಕಿಯೇ ಒಳಗೆ ಹೋಗಬೇಕು. ಗೊಣಗಿದವರಿಗೆ, "ನಿನ್ ಬೀಡಿ ಎಲ್ಲೂ ಓಡೋಗಲ್ಲ ಕಣೋ, ಸಾಯಂಕಾಲದವರ್ಗೂ ಕಾಯ್ಕೊಂಡಿರ್ತದೆ. ನಿನ್ ಹೆಂಡ್ತಿನೂ ಹಂಗ್ ಕಾಯಲ್ಲ" ಎನ್ನುತ್ತಿದ್ದರು. ಮಾಲೀಕರ ಸಿಗರೇಟನ್ನೂ ಬಿಟ್ಟವರಲ್ಲ.

ಆಯುಧಪೂಜೆಯ ಆರತಿ ಪ್ರತಿವರ್ಷ ಗೇಟಿನ ಹೊರಗೇ ನಡೆಯುತ್ತಿತ್ತು. ಆ ವರ್ಷ ಒಳಗೆ ಹೊಸ ಟ್ಯಾಂಕ್ ಬಂದಿತ್ತು. ಅದರ ಮುಂದೆಯೇ ಕರ್ಪೂರ ಹಚ್ಚಬೇಕೆಂದು ಎಲ್ಲರಿಗೂ ಆಸೆ, ನನಗೂ. ಕರ್ಪೂರ, ಬೆಂಕಿಪೊಟ್ಟಣವಿದ್ದ ತಟ್ಟೆ ಹಿಡಿದು ನಾನು ಬಂದರೆ ಚಾಚಾ ಅಡ್ಡ ನಿಂತರು.

"ಪೂಜೆ ಒಳಗೇ ಮಾಡಿ ಸಾರ್, ಬ್ಯಾಡ ಅನ್ನಲ್ಲ. ಆರತಿ ಮಾತ್ರ ಇಲ್ಲೇ ಬೆಳಗ್ಕೊಳ್ಳಿ."

ಕೆಲಸದವರೆಲ್ಲ ನೋಡುತ್ತಿದ್ದರು. ಅವರ ಮುಂದೆ ಕಾವಲುಗಾರರು ತಡೆದದ್ದು ನನಗೆ ಚುಚ್ಚಿತು. ಅಷ್ಟು ವರ್ಷ ಚಾಚಾ ಎಂದು ಕರೆದ ಬಾಯಲ್ಲೇ ಹೇಳಿದೆ: "ನಮ್ಮ ಪೂಜೆ ಕಂಡ್ರೆ ಆಗಲ್ಲ ಅಂತ ನೇರವಾಗ್ ಹೇಳ್ಬುಡಿ ಸಾಬ್ರೇ."

ಯಾರೋ ನಕ್ಕರು. ಚಾಚಾ ನನ್ನ ಮುಖವನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದರು. ಆ ಮಾತಾದ ಮೇಲೆ ಅವರು ಏನೇ ಹೇಳಿದ್ದರೂ ಯಾರಿಗೂ ಅದು ನಿಯಮದ ಮಾತಾಗಿ ಕೇಳುತ್ತಿರಲಿಲ್ಲ.

ಥಿನ್ನರಿನ ಆವಿ ಕಣ್ಣಿಗೆ ಕಾಣದು, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದನ್ನು ಹೊರಗೆಳೆಯಲೆಂದೇ ಗೋಡೆಯಲ್ಲಿ ದೊಡ್ಡ ಫ್ಯಾನುಗಳಿದ್ದವು. ಗಾಳಿಗೆ ಆರತಿ ಆರಿದರೆ ಅಪಶಕುನ ಎಂದು ಬೆಳಿಗ್ಗೆಯೇ ಅವನ್ನು ನಿಲ್ಲಿಸಿದವನೂ ನಾನೇ. ಬಾಳೆಕಂದು ಕಟ್ಟಿ, ಹೂವು ಮುಡಿಸಿ, ನಮ್ಮ ಫಿಟ್ಟರ್ ಒಬ್ಬ ಬಗ್ಗಿ ಕಡ್ಡಿ ಗೀರಿದ... ನೆಲವೇ ಹೊತ್ತಿಕೊಂಡಿತು. ಡ್ರಮ್ಮುಗಳು ಸಿಡಿದು ಚಾವಣಿಯ ಶೀಟುಗಳು ಹಾರಿದವು. ಬಾಗಿಲ ಬಳಿ ಇದ್ದ ನಾನು ಹೊರಗೆ ಓಡಿದೆ. ಚಾಚಾ ಒಳಗೆ ಓಡಿದರು. ಅವರು ಎಳೆದು ತಂದವರಲ್ಲಿ ಫಿಟ್ಟರ್ ಉಳಿಯಲಿಲ್ಲ.

ಬೆಂಕಿಪೊಟ್ಟಣ ಒಳಗೆ ಬಿಟ್ಟವರು ಯಾರು ಎಂದು ವಿಚಾರಣೆಯಲ್ಲಿ ಕೇಳಿದರು. ಸುಟ್ಟ ಕೈಗಳಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಚಾಚಾ, "ಗೇಟು ನನ್ನದು, ಬಿಟ್ಟವನು ನಾನೇ" ಎಂದರು. ನಾನಾಡಿದ ಮಾತನ್ನು ಅವರು ಹೇಳಲಿಲ್ಲ. ಕೇಳಿಸಿಕೊಂಡವರೆಲ್ಲ ನನ್ನ ಕೈಕೆಳಗಿನವರು, ಅವರೂ ಹೇಳಲಿಲ್ಲ. ಫ್ಯಾನು ಕೆಟ್ಟಿತ್ತೇನೋ ಎಂದು ನಾನು ತೊದಲಿದೆ. ಚಾಚಾರ ಕೆಲಸ ಹೋಯಿತು.

ಆಮೇಲೆ ಗೋಡೆ ತುಂಬ ಸುರಕ್ಷತೆಯ ಬೋರ್ಡುಗಳು ಬಂದವು. ಹೊಸಬರಿಗೆ ಪಾಠ ಹೇಳುವ ಕೆಲಸ ನನಗೇ ಕೊಟ್ಟರು. ಯಾವ ಕಾರಣಕ್ಕೂ ಫ್ಯಾನು ನಿಲ್ಲಿಸಬೇಡಿ, ಗೇಟಿನವರು ಬೇಡವೆಂದರೆ ಬೇಡ, ಎನ್ನುತ್ತಿದ್ದೆ. ಹಾಗೆ ಕೇಳದೆ ಹೋದವನು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ನಿವೃತ್ತಿಯ ದಿನ ಹಾರವನ್ನೂ ಹಾಕಿಸಿಕೊಂಡೆ.

ಮೊನ್ನೆ ತಡೆಯಲಾರದೆ ಗುಬ್ಬಿಗೆ ಹೋದೆ. ಚಾಚಾ ತೀರಿಕೊಂಡು ವರ್ಷಗಳೇ ಆಗಿವೆ ಎಂದು ಅಲ್ಲಿ ತಿಳಿಯಿತು. ಅವರ ಮಗಳು ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಆಕೆ ಮೆಷಿನ್ ನಿಲ್ಲಿಸಿದರು.

"ಅಬ್ಬಾ ಮನೇಲಿ ಏನೂ ಹೇಳ್ಲೇ ಇಲ್ಲ," ಎಂದರು. "ಗೇಟಲ್ಲಿ ಸರಿಯಾಗ್ ನೋಡಿದ್ರೆ ಒಂದ್ ಜೀವ ಉಳೀತಿತ್ತು ಅಂತ, ಕೊನೇವರ್ಗೂ ನಾವೂ ಅವ್ರನ್ನೇ ಬಯ್ದ್ವಿ."

ವಾಪಸ್ಸು ಬಸ್ಸಿನಲ್ಲಿ ಕೂತಾಗ ಅರ್ಥವಾಯಿತು... ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ, ತಂದೆಯನ್ನು ಬಯ್ದ ಸಂಕಟವನ್ನು ಆ ಮಗಳಿಗೆ ಕೊಟ್ಟು ಬಂದಿದ್ದೇನೆ. ಆಕೆಯೂ ಇನ್ನು ಯಾರ ಹತ್ತಿರ ಹೋಗಿ ತಪ್ಪಾಯಿತೆಂದು ಹೇಳಬೇಕು? ಚಾಚಾ ಇಲ್ಲ.