ಅತ್ತೆಯ ಟ್ರೇಲರಿನಲ್ಲಿ ಎರಡು ಬೈಕು

ರಾಮದುರ್ಗದ ಹೊರಗೆ ಮಣ್ಣಿನ ಹಾದಿಯ ಬೈಕ್ ಓಟವಿತ್ತು. ನನ್ನದೂ ಗೆಳೆಯನದೂ ಎರಡು ಡರ್ಟ್ ಬೈಕುಗಳನ್ನು ದೊಡವಾಡದಿಂದ ಒಯ್ಯಲು ಸೋದರತ್ತೆ ತಮ್ಮ ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿದರು. ಓಡಿಸುವವರೂ ಅವರೇ. ಟ್ರೇಲರಿಗೆ ಮುಂದೊಂದು ಹಲಗೆ ಬಿಟ್ಟರೆ ಅಕ್ಕಪಕ್ಕ ಏನೂ ಇರಲಿಲ್ಲ. ನಾನು ಸೀಟುಗಳ ಮೇಲೆ ಹಗ್ಗ ಹಾಯಿಸಿ ಬಿಗಿದೆ.

“ಹಂಗ ಕಟ್ಟಿದ್ರ ನಿಲ್ಲಂಗಿಲ್ಲ,” ಎಂದರು ಅತ್ತೆ.

“ನಿಲ್ತಾವ ಅತ್ತಿ, ನಡೀರಿ,” ಎಂದೆ.

ಸಿರಸಂಗಿಯ ಹತ್ತಿರ ರಸ್ತೆಯ ಉಬ್ಬು ಹಾರಿದಾಗ ನನ್ನ ಬೈಕು ವಾಲಿ, ಅರ್ಧ ಹೊರಗೆ ಜೋತುಬಿತ್ತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಗಂಡ ಹೆಂಡತಿ ಗಕ್ಕನೆ ನಿಂತರು. ಅವರಿಗೇನೂ ಆಗಲಿಲ್ಲ. ಅತ್ತೆ ಟ್ರ್ಯಾಕ್ಟರ್ ನಿಲ್ಲಿಸಿದರು; ನಾನು ಇಳಿದು ಬೈಕನ್ನು ಮೇಲೆತ್ತಿದೆ.

ಅತ್ತೆ ಬೈಯಲಿಲ್ಲ. ಬೈಕಿನ ಮುಂದಿನ ಗಾಲಿಯನ್ನು ಹಲಗೆಗೆ ಒತ್ತಿ ನಿಲ್ಲಿಸಿದರು. “ಹ್ಯಾಂಡಲ್ ಮ್ಯಾಲೆ ಭಾರ ಹಾಕು. ಮುಂದಿನ ಶಾಕಿನ ಸ್ಪ್ರಿಂಗ್ ಅರ್ಧ ಕುಗ್ಗಲಿ, ಅಂದ್ರ ಹಗ್ಗ ಬಿಗಿ ಇರ್ತದ,” ಎಂದು ಹ್ಯಾಂಡಲನ್ನು ಎರಡೂ ಬದಿಗೆ ಕೆಳಗೆ ಜಗ್ಗಿ ಟ್ರೇಲರಿನ ಕೊಂಡಿಗಳಿಗೆ ಕಟ್ಟಿದರು. ಹಿಂದಿನ ಗಾಲಿಯನ್ನೂ ಬಿಗಿದರು. ಗೆಳೆಯನ ಬೈಕಿಗೂ ಹಾಗೆಯೇ. ಸ್ವಲ್ಪ ದೂರ ಹೋಗಿ ಮತ್ತೆ ಇಳಿದು ಹಗ್ಗ ಸಡಿಲಾಗಿದೆಯೇ ಎಂದು ನೋಡಿದರು.

ಬೈಕುಗಳು ಅಲುಗದೆ ರಾಮದುರ್ಗ ಮುಟ್ಟಿದವು. ಓಟದಲ್ಲಿ ನಾನು ಏಳನೆಯವನಾದೆ. ಮರಳುವಾಗ ಅತ್ತೆ ಕಟ್ಟುವ ಕೆಲಸ ನನಗೇ ಬಿಟ್ಟು ಚಹಾ ಕುಡಿಯಲು ಹೋದರು.